ಹಳೆಯ ದ್ರಾಕ್ಷಾರಸದ ರುಚಿ

ಕಾನಾ ಊರಿನ ಮದುವೆಯ ಬಗ್ಗೆ ನಾವು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ನೀರು ದ್ರಾಕ್ಷಾರಸವಾದುದನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಮೊದಲು ರುಚಿ ನೋಡಿದವನ ಮಾತು ಬರುವುದು ಕಡಿಮೆ. ಔತಣದ ಮೇಲ್ವಿಚಾರಕನಿಗೆ ಪವಾಡದ ಸುಳಿವೇ ಇರಲಿಲ್ಲ. ಆತ ತನ್ನ ನಾಲಿಗೆಯನ್ನು ನಂಬಿ, ಇದು ಉತ್ತಮವಾದುದು ಎಂದ. ಸಂತ ಯೊವಾನ್ನರು ಆ ನಾಲಿಗೆಯ ಸಾಕ್ಷಿಯನ್ನು ಶುಭಸಂದೇಶದಲ್ಲಿ ಉಳಿಸಿಕೊಂಡರು.

ಪ್ರಿಯ ವಾಚಕರೇ, ಕಾದು ಕುಡಿಯುವ ಈ ಸುಖ ನಮ್ಮ ಕರಾವಳಿಗೆ ಹೊರಗಿನಿಂದ ಬಂದದ್ದು. ಇಲ್ಲಿನ ಪಾನೀಯ ಕಳ್ಳು. ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಇನ್ನಷ್ಟು ದಿನ ಬಿಟ್ಟರೆ ಹಂದಿ ಮಾಂಸದ ಅಡುಗೆಗೆ ಬೇಕಾದ ವಿನೆಗರ್. ಕಳ್ಳಿಗೆ ಮುಪ್ಪು ಇಲ್ಲ. ದ್ರಾಕ್ಷಿಯಾದರೋ ನಮ್ಮ ಮಳೆಗೆ ನಿಲ್ಲದು. ಆದರೆ ಬಲಿಪೂಜೆಗೆ ದ್ರಾಕ್ಷಿಯ ರಸವೇ ಆಗಬೇಕು, ಅದೂ ಕೆಟ್ಟಿರಬಾರದು ಎಂಬುದು ಧರ್ಮಸಭೆಯ ಕಟ್ಟಳೆ. ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯ 1678ರಷ್ಟು ಹಳೆಯದು. ಸಂತ ಜೋಸೆಫ್ ವಾಜ್‌ರವರು 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿದರು. ಬಸ್ರೂರಿನ ಅಕ್ಕಿ ಗೋವೆಗೆ ಹೋಗುತ್ತಿದ್ದ ಕಾಲವದು. ಪೂಜೆಯ ಪಾತ್ರೆಗೆ ಬೇಕಾದ ರಸ ಹೊರನಾಡಿನಿಂದಲೇ ಬರಬೇಕಿತ್ತು.

ಹಡಗಿನಲ್ಲಿ ದ್ರಾಕ್ಷಾರಸ ಕೆಡುವುದೇ ಹೆಚ್ಚು. ಬಿಸಿಲು, ಕುಲುಕಾಟ ಎರಡೂ ಅದಕ್ಕೆ ಆಗದು. ಒಂದು ಜಾತಿ ಇದಕ್ಕೆ ಹೊರತು. ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಲ್ಲಿ ಹಡಗುಗಳು ಪೀಪಾಯಿ ತುಂಬಿಕೊಂಡು ಭಾರತಕ್ಕೆ ಹೊರಡುತ್ತಿದ್ದವು. ಆಫ್ರಿಕವನ್ನು ಸುತ್ತಿ ಹೋಗಿಬರುವಾಗ ಸಮಭಾಜಕ ವೃತ್ತವನ್ನು ನಾಲ್ಕು ಬಾರಿ ದಾಟಬೇಕು. ಮಾರಾಟವಾಗದೆ ಮರಳಿದ ಪೀಪಾಯಿ ಬಿಚ್ಚಿದಾಗ ರಸ ಕೆಟ್ಟಿರಲಿಲ್ಲ, ಮೊದಲಿಗಿಂತ ಚೆನ್ನಾಗಿತ್ತು! ಸುತ್ತಿಬಂದ ಆ ರಸಕ್ಕೆ 'ವಿನ್ಯು ದ ರೋಡ' ಎಂಬ ಹೆಸರೇ ಬಿತ್ತು, ಬೆಲೆಯೂ ಏರಿತು. ಮುಂದೆ ದ್ರಾಕ್ಷಿಯ ಬ್ರಾಂದಿ ಸ್ವಲ್ಪ ಬೆರೆಸಿ, ಬಿಸಿಲು ಕಾಯುವ ಅಟ್ಟದಲ್ಲಿ ವರ್ಷಗಟ್ಟಲೆ ಇಟ್ಟು ಅದೇ ಗುಣವನ್ನು ತರಲು ಕಲಿತರು. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪವನ್ನು ನೋಡುವಾಗ ವಾಸ್ಕೋ ಡ ಗಾಮನ ಕಥೆ ಹೇಳುವವರು ಈ ಕಥೆಯನ್ನೂ ಹೇಳಬಹುದು.

ಹಳೆಯದೆಲ್ಲ ಒಳ್ಳೆಯದೆಂಬ ಭ್ರಮೆ ಬೇಡ. ಹೆಚ್ಚಿನ ದ್ರಾಕ್ಷಾರಸ ಒಂದೆರಡು ವರ್ಷಗಳಲ್ಲೇ ಕುಡಿಯತಕ್ಕದ್ದು. ಒಗರು, ಹುಳಿ, ಸತ್ವ ಮೊದಲೇ ಇದ್ದರೆ ಮಾತ್ರ ಅದು ಮಾಗುತ್ತದೆ: ಕಡುಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ನಾಲಿಗೆ ಹಿಡಿಯುತ್ತಿದ್ದ ಒಗರು ನುಣುಪಾಗುತ್ತದೆ, ಹಣ್ಣಿನ ವಾಸನೆ ಹೋಗಿ ಒಣ ಅಂಜೂರ, ಅಕ್ರೋಟಿನ ಪರಿಮಳ ಬರುತ್ತದೆ. ತಳದ ಗಸಿ ಕದಡದಂತೆ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ, ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಆಡಿಸಬೇಕು. ಗಂಟಲಿಗೆ ಇಳಿದ ಮೇಲೂ ರುಚಿ ಉಳಿಯುತ್ತದೆ. ಕುಡಿತದಿಂದ ನಮ್ಮ ಎಷ್ಟು ಮನೆಗಳು ಹಾಳಾಗಿವೆಯೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಗಟಗಟನೆ ಕುಡಿಯುವವನಿಗೆ ಈ ರುಚಿ ಸಿಗುವುದೇ ಇಲ್ಲ.

ಕಾರ್ಕಳ, ಕಾಪು, ಶಿರ್ವದ ಮನೆಗಳಲ್ಲಿ ಕ್ರಿಸ್ಮಸ್‌ಗೆಂದು ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ ಹಾಕಿ ಮಾಡುವ ವೈನ್ ಬೇರೆಯೇ. ಅದು ಹಬ್ಬಕ್ಕೆ ಹುಟ್ಟಿದ್ದು, ಹಬ್ಬಕ್ಕೇ ಮುಗಿಯಬೇಕು. ಬಾಗಿಲಿಗೆ ಬಂದವರಿಗೆಲ್ಲ ಕೊಟ್ಟುಬಿಡಿ. ಡಿಸೆಂಬರಿನಲ್ಲಿ ತೆರೆದ ಬಾಟಲಿ ಜನವರಿಯ ಅತ್ತೂರು ಜಾತ್ರೆಯ ಹೊತ್ತಿಗೆ ಉಳಿದಿದ್ದರೆ ಅಡುಗೆಮನೆಗೇ ಹೋಗಬೇಕಾದೀತು.