ರಂಗಭೂಮಿಯಿಂದ ಮಕ್ಕಳ ಟಿವಿಗೆ: ಡೆಬೊರಾ ಮೇಲ್ಮನ್ ಹಾದಿ

ಆಸ್ಟ್ರೇಲಿಯಾದಲ್ಲಿ ಪುಟ್ಟ ಮಕ್ಕಳಿರುವ ಮನೆಗಳಿಗೆಲ್ಲ ‘ಪ್ಲೇ ಸ್ಕೂಲ್’ ಗೊತ್ತು. ಎಬಿಸಿ ವಾಹಿನಿಯಲ್ಲಿ ಅದು ಶುರುವಾದದ್ದು 1966ರಲ್ಲಿ. ಆಗ ದೇಶದ ಜನಸಂಖ್ಯೆಯ ಲೆಕ್ಕಕ್ಕೆ ಮೂಲನಿವಾಸಿಗಳನ್ನು ಸೇರಿಸಬಾರದೆಂದು ಸಂವಿಧಾನವೇ ಹೇಳುತ್ತಿತ್ತು. ಮರುವರ್ಷದ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಅದನ್ನು ತೆಗೆದುಹಾಕಲು ಒಪ್ಪಿದರು. ಲೆಕ್ಕಕ್ಕೆ ಸಿಕ್ಕವರು ಟಿವಿಯಲ್ಲಿ ಕಾಣಿಸಿಕೊಳ್ಳಲು ಮಾತ್ರ ಇನ್ನೂ ಬಹಳ ಕಾಲ ಹಿಡಿಯಿತು.

ಡೆಬೊರಾ ಮೇಲ್ಮನ್ ಹುಟ್ಟಿದ್ದು 1972ರಲ್ಲಿ, ಕ್ವೀನ್ಸ್‌ಲೆಂಡ್‌ನ ಗಣಿ ಊರು ಮೌಂಟ್ ಐಸಾದಲ್ಲಿ. ತಂದೆ ಬಿಜಾರ ಸಮುದಾಯದವರು, ತಾಯಿ ಮಾವೋರಿ. ಬ್ರಿಸ್ಬೇನ್‌ನಲ್ಲಿ ನಟನೆ ಕಲಿತ ಆಕೆ, ವೆಸ್ಲಿ ಈನೋಕ್ ಜೊತೆ ಸೇರಿ ‘ದ ಸೆವೆನ್ ಸ್ಟೇಜಸ್ ಆಫ್ ಗ್ರೀವಿಂಗ್’ ನಾಟಕ ಬರೆದರು. 1995ರಲ್ಲಿ ಕೂಯೆಂಬಾ ಜಡಾರಾ ತಂಡದ ಈ ಏಕವ್ಯಕ್ತಿ ನಾಟಕದಲ್ಲಿ ತಾವೇ ಅಭಿನಯಿಸಿದರು. ರಂಗದ ಮೇಲೆ ತೂಗುಹಾಕಿದ ಮಂಜುಗಡ್ಡೆ ಕರಗಿ, ಕೆಂಪು ಮಣ್ಣಿನ ಮೇಲೆ ತೊಟ್ಟಿಕ್ಕುತ್ತದೆ. ಅಜ್ಜಿಯ ಸಾವಿನ ದುಃಖ, ಪೊಲೀಸ್ ವಶದಲ್ಲಿ ಸತ್ತ ಯುವಕನ ಕಥೆ, ಹೆತ್ತವರಿಂದ ಕಿತ್ತುಕೊಂಡ ಮಕ್ಕಳ ನೋವು ಎಲ್ಲವೂ ಒಬ್ಬ ಹೆಂಗಸಿನ ಬಾಯಲ್ಲಿ ಬರುತ್ತವೆ.

ಆ ಕೊನೆಯ ಮಾತು ಬರೀ ನಾಟಕದ್ದಲ್ಲ. 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರಿಂದ ಮೂರಕ್ಕೆ ಒಬ್ಬರವರೆಗೆ ಸರ್ಕಾರ ಮನೆಯಿಂದ ಒಯ್ದಿತ್ತು ಎಂದು 1997ರ ‘ಬ್ರಿಂಗಿಂಗ್ ದೆಮ್ ಹೋಮ್’ ವರದಿ ಅಂದಾಜಿಸಿತು. ತಮ್ಮ ಮಕ್ಕಳನ್ನು ಸಾಕಲು ಈ ತಾಯಂದಿರು ಯೋಗ್ಯರಲ್ಲ ಎಂಬುದೇ ಆ ನೀತಿಯ ತಳಹದಿ.

ವರದಿ ಬಂದ ಆಸುಪಾಸಿನ ವರ್ಷಗಳಲ್ಲೇ ಮೇಲ್ಮನ್ ‘ಪ್ಲೇ ಸ್ಕೂಲ್’ ನಿರೂಪಕಿಯಾದರು. ಕ್ಯಾಮೆರಾವನ್ನೇ ನೋಡುತ್ತಾ, ಎದುರಿಗೆ ಒಂದೇ ಮಗು ಕೂತಿದೆ ಎಂಬಂತೆ ಮಾತಾಡುವುದು ಅಲ್ಲಿನ ರೀತಿ. ಯಾರಿಗೆ ಸ್ವಂತ ಮಕ್ಕಳನ್ನೂ ನಂಬಿ ಕೊಡಲಿಲ್ಲವೋ, ಅವರ ಪೈಕಿ ಒಬ್ಬಳ ಎದುರು ಇಡೀ ದೇಶ ತನ್ನ ಮಕ್ಕಳನ್ನು ಕೂರಿಸಿತು. ಬಿಳಿಯರ ಮಕ್ಕಳಿಗೆ ಆಕೆ ಹಾಡು ಹೇಳಿಕೊಡುವ ಅಕ್ಕ. ಮೂಲನಿವಾಸಿ ಮಕ್ಕಳಿಗೆ ತಮ್ಮ ಮನೆಯವರದೇ ಮುಖ.

1998ರ ‘ರೇಡಿಯನ್ಸ್’ ಚಿತ್ರಕ್ಕೆ ಆಕೆ ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಅತ್ಯುತ್ತಮ ನಟಿ ಪ್ರಶಸ್ತಿ ಗೆದ್ದರು. ಅದನ್ನು ಪಡೆದ ಮೊದಲ ಮೂಲನಿವಾಸಿ ನಟಿ ಆಕೆಯೇ. ಹೆಸರು ಬಂದ ಮೇಲೂ ಮಕ್ಕಳ ಕೆಲಸ ಬಿಡಲಿಲ್ಲ. 2017ರಲ್ಲಿ ಎನ್ಐಟಿವಿಯಲ್ಲಿ ಬಂದ ‘ಲಿಟಲ್ ಜೆ ಅಂಡ್ ಬಿಗ್ ಕಜ್’ ಅನಿಮೇಷನ್ ಸರಣಿಯಲ್ಲಿ ಅಕ್ಕನ ಪಾತ್ರಕ್ಕೆ ದನಿಯಾದರು. ಅದರಲ್ಲಿ ಇಬ್ಬರು ಮಕ್ಕಳು ಅಜ್ಜಿಯ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಾರೆ. ಅವರನ್ನು ಯಾರೂ ಹೊತ್ತೊಯ್ಯುವುದಿಲ್ಲ. ಸರಣಿಯ ಕಂತುಗಳು ಮೂಲನಿವಾಸಿ ಭಾಷೆಗಳಿಗೂ ಡಬ್ ಆಗಿವೆ. ಒಂದು ಕಾಲದಲ್ಲಿ ಮಿಷನ್‌ಗಳಲ್ಲಿ ಆಡಿದರೆ ಶಿಕ್ಷೆಯಾಗುತ್ತಿದ್ದ ನುಡಿಗಳು ಈಗ ಮಕ್ಕಳ ಟಿವಿಯಲ್ಲಿ ಕೇಳಿಸುತ್ತಿವೆ.