ಸೇತುವೆ ಎದ್ದು ನಿಂತಿತು, ಊರು?

ಕಟ್ಟೋಕೆ 9 ವರ್ಷ. ನಿಂತಿದ್ದು 427 ವರ್ಷ. ಉರುಳಿಸೋಕೆ ಎರಡು ದಿನ ಸಾಕಾಯ್ತು. ನಾನು ಹೇಳ್ತಿರೋದು ಬೋಸ್ನಿಯಾದ ಮೊಸ್ತಾರ್ ನಗರದ ಹಳೇ ಸೇತುವೆಯ ಕಥೆ.

ಆಟೊಮನ್ ಸುಲ್ತಾನ ಸುಲೈಮಾನ್ ಕಾಲದಲ್ಲಿ ಶಿಲ್ಪಿ ಹೈರುದ್ದೀನ್ 1566ರಲ್ಲಿ ಇದನ್ನು ಮುಗಿಸಿದ. ನೆರೆತ್ವಾ ನದಿಯ ಮೇಲೆ, ನಡುವೆ ಒಂದೂ ಕಂಬವಿಲ್ಲದೆ, ದಡದಿಂದ ದಡಕ್ಕೆ ಒಂದೇ ಕಲ್ಲಿನ ಕಮಾನು. ಸೇತುವೆ ಕಾಯುವವರಿಗೆ ಅಲ್ಲಿ 'ಮೊಸ್ತಾರಿ' ಅಂತಿದ್ದರು. ಊರಿಗೆ ಹೆಸರು ಬಂದಿದ್ದೂ ಅವರಿಂದಲೇ.

1992ರಲ್ಲಿ ಯುದ್ಧ ಶುರುವಾದಾಗ ಇಲ್ಲಿನ ಕ್ಯಾಥೊಲಿಕ್ ಕ್ರೊವಾಟರು ಮತ್ತು ಬೋಸ್ನಿಯಾಕ್ ಮುಸ್ಲಿಮರು ಒಟ್ಟಾಗಿ ಸರ್ಬ್ ಪಡೆಗಳ ವಿರುದ್ಧ ಹೋರಾಡಿದರು. ಮರುವರ್ಷ ಅದೇ ಇಬ್ಬರು ಒಬ್ಬರ ಮೇಲೊಬ್ಬರು ಬಂದೂಕು ತಿರುಗಿಸಿದರು. 1993ರ ನವೆಂಬರ್ 9ರಂದು ಕ್ರೊವಾಟ್ ಪಡೆಯ ಷೆಲ್ ದಾಳಿಗೆ ಸೇತುವೆ ನದಿಗೆ ಬಿತ್ತು. ಆ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಯ್ತು, ಜಗತ್ತೇ ನೋಡಿತು.

ಯುನೆಸ್ಕೊ, ವಿಶ್ವಬ್ಯಾಂಕ್, ಹಲವು ದೇಶಗಳು ಕೈಜೋಡಿಸಿದವು. ಮೊದಲಿನ ತೆನೆಲಿಯಾ ಕಲ್ಲನ್ನೇ ತಂದು, ಮೊದಲಿನ ಹಾಗೇ ಕಟ್ಟಿ, 2004ರ ಜುಲೈ 23ರಂದು ಸೇತುವೆ ತೆರೆದರು. ಈಗ ಹೋದರೆ ಪ್ರವಾಸಿಗರ ಜಾತ್ರೆ. ಕಲ್ಲು ಎಷ್ಟು ನುಣುಪು ಅಂದ್ರೆ ಕಾಲು ಜಾರುತ್ತೆ. ದುಡ್ಡು ಕೂಡಿದರೆ ಹುಡುಗರು 20 ಮೀಟರಿಗೂ ಹೆಚ್ಚು ಎತ್ತರದಿಂದ ನದಿಗೆ ಜಿಗಿಯುತ್ತಾರೆ. ಪಕ್ಕದಲ್ಲೇ ಒಂದು ಕಲ್ಲು: '93ನ್ನು ಮರೆಯಬೇಡಿ.'

ಹಾಗಾದ್ರೆ ಎಲ್ಲ ಸರಿಹೋಯ್ತಾ?

ನಾನು ಸೇತುವೆ ದಾಟಿ ಪಶ್ಚಿಮಕ್ಕೆ ನಡೆದೆ. ಸ್ವಲ್ಪ ದೂರದಲ್ಲಿ ಬುಲೆವಾರ್ ಎಂಬ ಅಗಲವಾದ ರಸ್ತೆ. ನೋಡಿ, ಯುದ್ಧದಲ್ಲಿ ಊರು ಎರಡಾಗಿದ್ದು ನದಿಯಲ್ಲಲ್ಲ, ಈ ರಸ್ತೆಯಲ್ಲಿ. ಸೇತುವೆಯ ಎರಡೂ ತುದಿ ಬೋಸ್ನಿಯಾಕರ ಕಡೆಯೇ ಇದ್ದವು. ಜಗತ್ತು ಸೇತುವೆ ಕಟ್ಟಿಕೊಟ್ಟಿದ್ದು ನದಿಗೆ. ಈ ರಸ್ತೆಗೆ ಯಾರು ಕಟ್ಟಬೇಕು?

ಇಲ್ಲೇ ಒಂದು ಪಾಳು ಬ್ಯಾಂಕ್ ಕಟ್ಟಡವಿದೆ, ಸ್ನೈಪರ್‌ಗಳು ಕೂತಿದ್ದ ಜಾಗ. ಅದರ ಹತ್ತಿರವೇ ಆಸ್ಟ್ರಿಯಾ-ಹಂಗರಿ ಆಳ್ವಿಕೆಯ ಕಾಲದ ಹೈಸ್ಕೂಲು. ಎರಡೂ ಸಮುದಾಯದ ಮಕ್ಕಳು ಅಲ್ಲಿಗೇ ಬರುತ್ತಾರೆ. ಒಂದೇ ಸೂರು, ಆದರೆ ಪಠ್ಯಕ್ರಮ ಎರಡು. ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ಅರ್ಥವಾಗುತ್ತೆ ಅನ್ನೋದು ನೆನಪಿರಲಿ!

ಇನ್ನೂ ಕೇಳಿ. ಚುನಾವಣೆ ನಿಯಮದ ಬಗ್ಗೆ ಎರಡೂ ಕಡೆಯ ನಾಯಕರು ಒಪ್ಪಲಿಲ್ಲ. 2008ರ ನಂತರ ಮೊಸ್ತಾರ್‌ನಲ್ಲಿ ಸ್ಥಳೀಯ ಚುನಾವಣೆಯೇ ನಡೆಯಲಿಲ್ಲ. ಕೊನೆಗೆ ಇರ್ಮಾ ಬರಾಲಿಯಾ ಎಂಬ ಶಿಕ್ಷಕಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿ 2019ರಲ್ಲಿ ಗೆದ್ದರು. 2020ರ ಡಿಸೆಂಬರ್‌ನಲ್ಲಿ ಜನ ಮತ್ತೆ ಓಟು ಹಾಕಿದರು.

ಲೆಕ್ಕ ನೀವೇ ಹಾಕಿ. ಬಿದ್ದ ಸೇತುವೆ ಮತ್ತೆ ನಿಲ್ಲೋಕೆ 11 ವರ್ಷಕ್ಕೂ ಕಡಿಮೆ. ನಗರಸಭೆಗೆ ಒಂದು ಚುನಾವಣೆ ನಡೆಸೋಕೆ 12 ವರ್ಷ!

ಮೊಸ್ತಾರ್‌ಗೆ ಹೋದರೆ ಸೇತುವೆ ಮೇಲೆ ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಆಮೇಲೆ ದಯವಿಟ್ಟು ಆ ರಸ್ತೆಯ ತನಕ ನಡೆದು ಬನ್ನಿ.