ಯಾಣದ ಜಾತ್ರೆಯೂ ಗಾಜಿನ ಪೆಟ್ಟಿಗೆಯೂ

“ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ” ಎಂಬುದು ನಮ್ಮ ಕುಮಟೆಯ ಕಡೆಯ ಹಳೆಯ ಗಾದೆ. ಗೋಕರ್ಣಕ್ಕೆ ಹೋದವನಿಗೆ ಪೂಜೆ, ದಕ್ಷಿಣೆ, ವಸತಿಗಳಿಗೆ ಕೈಯಲ್ಲಿ ಕಾಸು ಬೇಕು. ಯಾಣಕ್ಕೆ ಹೋಗುವವನಿಗೆ ಕಾಡು ಹತ್ತಿ ಇಳಿಯುವ ಕಾಲ್ಬಲ ಬೇಕು. ಈಗ ಬಂಡೆಗಳ ಸಮೀಪದವರೆಗೂ ರಸ್ತೆಯಾಗಿದೆ; ಅಷ್ಟೊಂದು ಸೊಕ್ಕೇನೂ ಬೇಡ. ಆದರೆ ಈ ಗಾದೆ ನನಗೆ ನೆನಪಾಗುವುದು ಯಾಣದಲ್ಲಿ ಅಲ್ಲ, ಪಟ್ಟಣಗಳ ಕಲಾಸಂಗ್ರಹಾಲಯಗಳ ಮೆಟ್ಟಿಲು ಹತ್ತುವಾಗ. ಈ ಮೆಟ್ಟಿಲುಗಳನ್ನು ಯಾರು ಹತ್ತುತ್ತಾರೆ? ಒಳಗಿರುವ ವಸ್ತುಗಳನ್ನು ಮಾಡಿದ ಜನ ಇಲ್ಲಿಗೆ ಬರುತ್ತಾರೆಯೆ?

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ವೃದ್ಧ ಗುಡಿಗಾರರೊಬ್ಬರೊಡನೆ ದೂರದ ಪಟ್ಟಣವೊಂದರ ಸಂಗ್ರಹಾಲಯಕ್ಕೆ ಹೋಗಿದ್ದೆ. ಗಾಜಿನೊಳಗೆ ಒಂದು ಗಂಧದ ಪೆಟ್ಟಿಗೆ. ಮುಚ್ಚಳದ ತುಂಬ ಬಳ್ಳಿ, ಬಳ್ಳಿಯ ಸಂದುಸಂದಿನಲ್ಲಿ ಹಕ್ಕಿ. ಕೆಳಗಿನ ಚೀಟಿಯಲ್ಲಿ ವಸ್ತುವಿನ ಹೆಸರು ಮತ್ತು ಶತಮಾನ, ಅಷ್ಟೆ. ಮುದುಕರು ಬಹಳ ಹೊತ್ತು ನೋಡಿದರು. “ಈ ಮೂಲೆ ಬೇರೆ ಕೈಯದ್ದು. ಮುರಿದದ್ದನ್ನು ಆಮೇಲೆ ಯಾರೋ ಕೂಡಿಸಿದ್ದಾರೆ. ಉಳಿ ಹಿಡಿದ ವಾರೆಯೇ ಬೇರೆ” ಎಂದು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ಕಾವಲಿನವನು ಗದರಿಕೊಂಡ. ಮುದುಕರು ಕೈಯನ್ನು ಹಿಂದೆ ಕಟ್ಟಿಕೊಂಡು ಹೊರಗೆ ನಡೆದರು. ಅವರ ಮಾತನ್ನು ಅಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನಾನೂ ಬರೆದುಕೊಳ್ಳಲಿಲ್ಲ. ಆ ಹಿರಿಯರು ಈಗಿಲ್ಲ.

ಗುಡಿಗಾರರು ಕುಮಟೆ, ಹೊನ್ನಾವರ, ಸಿರಸಿ, ಸಿದ್ದಾಪುರ, ಸಾಗರ, ಸೊರಬಗಳ ಕಡೆ ನೆಲೆಸಿದ ಕುಶಲಕರ್ಮಿಗಳು. ಗಂಧವನ್ನೂ ದಂತವನ್ನೂ ಕೆತ್ತಿದ ಕೈಗಳೇ ಮದುವೆಗೆ ಬೆಂಡಿನ ಬಾಸಿಂಗವನ್ನೂ ಕಟ್ಟಿಕೊಟ್ಟಿವೆ. 1883ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ ಕನ್ನಡ ಜಿಲ್ಲೆಯ ಸಂಪುಟದಲ್ಲಿ ಅವರ ಪ್ರಸ್ತಾಪವಿದೆ. ಅವರು ಮಾಡಿದ ಬಾಸಿಂಗ ನಮ್ಮ ಮನೆಗಳಲ್ಲಿ ಉಳಿಯಿತು. ಕೆತ್ತಿದ ಪೆಟ್ಟಿಗೆ ದೊರೆಗಳ ಕಾಣಿಕೆಯಾಗಿ, ಪ್ರದರ್ಶನದ ಸರಕಾಗಿ ಊರು ಬಿಟ್ಟಿತು. ಹೀಗಾಗಿ ಕೆತ್ತನೆಯ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ತನ್ನ ಮುತ್ತಜ್ಜನ ಕಾಲದ ಒಳ್ಳೆಯ ಕೆಲಸವನ್ನು ನೋಡಬೇಕಾದರೆ ಪರಸ್ಥಳವೇ ಗತಿ.

ಜನರನ್ನು ಸಂಗ್ರಹಾಲಯಕ್ಕೆ ಬರಮಾಡಿಕೊಳ್ಳುವ ಚಿಂತೆ ಹೊಸದೇನೂ ಅಲ್ಲ. ಮದರಾಸಿನ ಸರಕಾರಿ ಸಂಗ್ರಹಾಲಯ 1851ರಲ್ಲಿ ಹುಟ್ಟಿತು. ಆಗ ನಮ್ಮ ಜಿಲ್ಲೆಯೂ ಮದರಾಸು ಇಲಾಖೆಗೇ ಸೇರಿತ್ತು; ಅದು ಮುಂಬಯಿಗೆ ಹೋದದ್ದು 1862ರಲ್ಲಿ. ಸಂಗ್ರಹಾಲಯದ ಮೇಲ್ವಿಚಾರಕ, ವೈದ್ಯ ಎಡ್ವರ್ಡ್ ಬಾಲ್ಫರ್, ಆವರಣದಲ್ಲಿ ಹುಲಿಮರಿಯನ್ನೂ ಸಿವಂಗಿಯನ್ನೂ ಇರಿಸಿದ. ಜನ ಹಿಂಡುಹಿಂಡಾಗಿ ಬಂದರು. ಅದರಿಂದಲೇ ಮದರಾಸಿನ ಮೃಗಾಲಯ ಬೆಳೆಯಿತು. ಆ ಊರಿನ ಜನರ ಬಾಯಲ್ಲಿ ಸಂಗ್ರಹಾಲಯ “ಸತ್ತ ಕಾಲೇಜು” ಆಯಿತು, ಮೃಗಾಲಯ “ಜೀವಂತ ಕಾಲೇಜು” ಆಯಿತು. 1865ರಲ್ಲಿ ಬೆಂಗಳೂರಿನ ಸಂಗ್ರಹಾಲಯ ಸ್ಥಾಪನೆಯಾದದ್ದೂ ಇದೇ ಬಾಲ್ಫರನ ಸಲಹೆಯಿಂದ. ಹುಲಿಯ ಆಸೆಗೆ ಬಂದವರು ಒಳಗಿನ ಶಿಲ್ಪವನ್ನೂ ನೋಡಿರಬಹುದು. ಆದರೆ ನೋಡಿ ಹೋಗುವುದಕ್ಕಿಂತ ಹೆಚ್ಚಿನ ಕೆಲಸ ಅವರಿಗಿರಲಿಲ್ಲ.

ಈ ಕೊರತೆಯನ್ನು ಚೆನ್ನಾಗಿ ಅರಿತವನು ಅಮೇರಿಕದ ಜಾನ್ ಕಾಟನ್ ಡಾನಾ. ವೃತ್ತಿಯಿಂದ ಗ್ರಂಥಪಾಲಕನಾದ ಈತ 1909ರಲ್ಲಿ ನೆವಾರ್ಕ್ ಎಂಬ ಕಾರಖಾನೆಗಳ ಊರಿನಲ್ಲಿ ಸಂಗ್ರಹಾಲಯವನ್ನು ಸ್ಥಾಪಿಸಿದ. ಯುರೋಪಿನ ಹಳೆಯ ಚಿತ್ರಗಳನ್ನು ಕೊಂಡು ತೂಗುಹಾಕಿದರೆ ಸಾಲದೆಂದು, 1915ರಲ್ಲಿ ಆ ರಾಜ್ಯದ ಮಣ್ಣಿನ ಕೈಗಾರಿಕೆಯ ವಸ್ತುಗಳನ್ನೂ ಮರುವರ್ಷ ಬಟ್ಟೆಯ ಕೈಗಾರಿಕೆಯನ್ನೂ ಪ್ರದರ್ಶನಕ್ಕಿಟ್ಟ. ಶಾಲೆಗಳಿಗೆ ಪುಸ್ತಕಗಳಂತೆಯೇ ವಸ್ತುಗಳನ್ನೂ ಎರವಲು ಕಳಿಸಿದ. ದುಡಿಯುವವನು ತನ್ನ ದುಡಿಮೆಯನ್ನು ಗೌರವದ ಜಾಗದಲ್ಲಿ ಕಾಣಲಿ ಎಂಬುದು ಅವನ ಹಂಬಲವಾಗಿತ್ತು.

ನಮ್ಮ ನಾಡಿನಲ್ಲಿಯೂ ಇಂಥ ಪ್ರಯತ್ನಗಳು ನಡೆಯದೆ ಇಲ್ಲ. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತಿಗಾಗಿ ಎಂ. ಎಸ್. ನಂಜುಂಡರಾಯರು ತೊಗಲುಗೊಂಬೆಗಳನ್ನೂ ಮೈಸೂರು ಸಂಪ್ರದಾಯದ ಚಿತ್ರಗಳನ್ನೂ ಶ್ರಮಪಟ್ಟು ಕೂಡಿಸಿದರು. ಎಚ್. ಎಲ್. ನಾಗೇಗೌಡರು ಹಳ್ಳಿಗಳ ಬಳಕೆಯ ವಸ್ತುಗಳನ್ನು ಒಟ್ಟುಗೂಡಿಸಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಅದು 1994ರಲ್ಲಿ ತೆರೆಯಿತು. 2003ರಿಂದ ಪರಿಷತ್ತು ನಡೆಸುತ್ತ ಬಂದಿರುವ ಚಿತ್ರಸಂತೆಯನ್ನು ನಾನು ನೋಡಿದ್ದೇನೆ. ಜನವರಿಯ ಒಂದು ರವಿವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳಿಲ್ಲ. ಬದಿಯುದ್ದಕ್ಕೂ ಚಿತ್ರಗಳು, ಪಕ್ಕದಲ್ಲಿ ಅವನ್ನು ಬರೆದವರು. ತರಕಾರಿ ಚೀಲ ಹಿಡಿದ ಗೃಹಿಣಿಯೊಬ್ಬಳು “ಈ ನೀಲಿ ಯಾಕೆ ಹಾಕಿದಿರಿ?” ಎಂದು ಕೇಳಿದಳು. ಚಿತ್ರಕಾರ ನಕ್ಕು ಉತ್ತರ ಹೇಳಿದ. ಗದರಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಅದು ವರ್ಷಕ್ಕೊಂದು ದಿನದ ಮಾತು, ಮೇಲಾಗಿ ರಾಜಧಾನಿಯ ಮಾತು.

ಹಾಗಾದರೆ ಉಳಿದ ದಿನಗಳಿಗೆ, ಉಳಿದ ಊರುಗಳಿಗೆ ಮಾದರಿ ಯಾವುದು? ನನಗೆ ತೋಚುವುದು ನಮ್ಮ ಯಾಣವೇ. ಶಿವರಾತ್ರಿಗೆ ಭೈರವೇಶ್ವರನ ಸುಮಾರು 120 ಮೀಟರ್ ಎತ್ತರದ ಕರಿಯ ಬಂಡೆಯ ಬುಡದಲ್ಲಿ ಜನ ನೆರೆಯುತ್ತಾರೆ. ಬಂದವರೆಲ್ಲ ಬರಿದೆ ಪ್ರೇಕ್ಷಕರಲ್ಲ. ಒಬ್ಬ ಚಪ್ಪರಕ್ಕೆ ಗಳ ತರುತ್ತಾನೆ, ಒಬ್ಬ ವಾದ್ಯ ನುಡಿಸುತ್ತಾನೆ, ಒಬ್ಬ ಒಲೆಯ ಮುಂದೆ ಕೂತಿರುತ್ತಾನೆ. ಕೆಲಸವಿದ್ದವನಿಗೆ ‘ಇದು ನಮ್ಮದು’ ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಹೆಯಲ್ಲಿ ಲಿಂಗದ ಮೇಲೆ ತೊಟ್ಟಿಕ್ಕುವ ನೀರನ್ನು ಭಕ್ತರು ಗೋಕರ್ಣದ ಅಭಿಷೇಕಕ್ಕೆ ಒಯ್ಯುತ್ತಾರೆ. ಅಷ್ಟು ದೂರ ಹೋದ ಮೇಲೂ ಅದು ಯಾಣದ ನೀರೆಂದೇ ಎಲ್ಲರೂ ಬಲ್ಲರು. ಗಂಧದ ಪೆಟ್ಟಿಗೆಗೆ ಅಷ್ಟು ಭಾಗ್ಯವೂ ದೊರೆಯಲಿಲ್ಲ.

ಕುಮಟೆಯಲ್ಲಿ ಒಂದು ಕೋಣೆಯಾದರೂ ಇಂಥ ಕೆಲಸಕ್ಕೆ ಮೀಸಲಾದರೆ ಎಷ್ಟು ಚೆನ್ನ! ಅಮೃತಶಿಲೆಯ ನೆಲ ಬೇಡ, ದೊಡ್ಡ ಕಮಾನು ಬೇಡ. ಹಳೆಯ ಕೆತ್ತನೆಗಳು ನಾಲ್ಕಾರು ಇರಲಿ. ದೊಡ್ಡ ಸಂಗ್ರಹಾಲಯಗಳು ತಮ್ಮಲ್ಲಿರುವುದನ್ನು ಕೆಲವು ತಿಂಗಳ ಮಟ್ಟಿಗಾದರೂ ಎರವಲು ಕೊಡಲಿ. ಕೆತ್ತುವ ಮನೆತನದವರನ್ನು ಕರೆದು, ವಸ್ತುವನ್ನು ಅವರ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ಬರೆದಿಟ್ಟು, ಹೇಳಿದವರ ಹೆಸರನ್ನೂ ಚೀಟಿಯಲ್ಲಿ ಸೇರಿಸಲಿ. ಶಾಲೆಯ ಮಕ್ಕಳು ಉಳಿ ಹಿಡಿದು ಶಿವಣೆ ಮರದ ತುಂಡೊಂದನ್ನು ಹಾಳುಮಾಡಿದರೆ ಮಾಡಲಿ. ಇದಕ್ಕೆ ಬೇಕಾಗುವ ರೊಕ್ಕ ಬಹಳವಲ್ಲ. ಸೊಕ್ಕಂತೂ ಬೇಡವೇ ಬೇಡ.

ಅಲ್ಲಿ ಒಂದು ಮಣೆಯನ್ನು ಮಾತ್ರ ಗಾಜಿನ ಪೆಟ್ಟಿಗೆಯ ಈಚೆಗಲ್ಲ, ಆಚೆಗೆ, ವಸ್ತುವಿನ ಪಕ್ಕದಲ್ಲೇ ಹಾಕಿಡಬೇಕು. ಮುಂದಿನ ಮುದುಕರು ಬಂದಾಗ ಕೂತು ಹೇಳಲಿ.